ಟೆಂಟಿನಲ್ಲಿ ಕಾಲು ಬೆಚ್ಚಗಿರಲು ಒಂದು ಸ್ಟೀಲ್ ಬಾಟಲಿ

ಯುಗಾದಿ ರಜೆಗೆ ಹುಬ್ಬಳ್ಳಿ-ಧಾರವಾಡದಿಂದ ಹಿಮಾಚಲದ ಪರಾಶರ ಸರೋವರದ ಕಡೆ ಟೆಂಟ್ ಹಾಕಲು ಹೊರಟವರು ಇದೊಂದು ಮಾಡಿ: ಮಲಗುವ ಮುಂಚೆ ಒಂದು ಲೀಟರಿನ ಸ್ಟೀಲ್ ಬಾಟಲಿಗೆ ಕುದಿಯುವ ನೀರು ತುಂಬಿ, ಮೇಲೆ ಉಣ್ಣೆ ಸಾಕ್ಸ್ ಹಾಕಿ, ಸ್ಲೀಪಿಂಗ್ ಬ್ಯಾಗಿನೊಳಗೆ ಕಾಲ ಹತ್ತಿರ ಇಟ್ಟುಕೊಳ್ಳಿ. ನೀರು ಬಿಸಿಯನ್ನು ನಿಧಾನಕ್ಕೆ ಬಿಡುತ್ತದೆ, ಬ್ಯಾಗ್ ಅದನ್ನು ಹೊರಗೆ ಹೋಗಗೊಡುವುದಿಲ್ಲ. ಸುಮಾರು 2,730 ಮೀಟರ್ ಎತ್ತರದ ಆ ಜಾಗದಲ್ಲಿ ನೀರು 91 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ. ಅಷ್ಟು ಸಾಕು. ಥರ್ಮಾಸ್ ಮಾತ್ರ ಬೇಡ, ಅದರ ಬಿಸಿ ಹೊರಗೇ ಬರಲ್ಲ ಅಲ್ವಾ? ಒಂದೇ ಪದರದ ಬಾಟಲಿ ಬೇಕು. ಮುಚ್ಚಳವನ್ನು ಮನೆಯಲ್ಲೇ ಪರೀಕ್ಷಿಸಿ: ಬಿಸಿನೀರು ತುಂಬಿ, ಒಣ ಟವೆಲ್ ಮೇಲೆ ತಲೆಕೆಳಗಾಗಿ ಒಂದು ತಾಸು ನಿಲ್ಲಿಸಿ. ಒಂದು ಹನಿ ಕಂಡರೂ ಆ ಬಾಟಲಿ ಬಿಡಿ. ಆ ಚಳಿಯಲ್ಲಿ ಬ್ಯಾಗ್ ಒದ್ದೆಯಾದರೆ ರಾತ್ರಿ ಕಳೆಯೋದು ಬಹಳ ಕಷ್ಟ. ಇನ್ನು ನೆಲದಿಂದ ಏರುವ ಥಂಡಿಗೆ ಈ ಉಪಾಯ ನಡೆಯುವುದಿಲ್ಲ. ಮ್ಯಾಟ್ ತೆಳುವಾಗಿದ್ದರೆ ಬೆನ್ನು ಸೆಟೆದುಕೊಳ್ಳುತ್ತದೆ. ಅದಕ್ಕೆ ನಮ್ಮ ಮೆಡ್ಲೇರಿ ಕಂಬಳಿಯನ್ನು ಎರಡು ಮಡಿಕೆ ಮಾಡಿ ಕೆಳಗೆ ಹಾಸಿ. ಭಾರ ಜಾಸ್ತಿ ಅಂತ ಮನೆಯಲ್ಲಿ ಬಿಟ್ಟು ಹೋಗಬೇಡಿ.