ಹೋಬಿ ಕ್ಯಾಟ್ ಡೆಕ್ ಮೆತ್ತಗಾಗಿದೆಯೇ? ಎಪಾಕ್ಸಿಗಿಂತ ಮೊದಲು ಒಣಗಿಸಿ

ಹಳೆಯ ಹೋಬಿ 16 (ಎರಡು ಒಡಲಿನ ಹಾಯಿದೋಣಿ, ಹೋಬಿ ಕ್ಯಾಟ್‌ಗಳಲ್ಲೊಂದು) ಕೊಳ್ಳುವವರು ಹಾಯಿ ನೋಡುತ್ತಾರೆ, ಕಂಬ ನೋಡುತ್ತಾರೆ, ಹಗ್ಗ ಎಳೆದು ನೋಡುತ್ತಾರೆ. ಡೆಕ್, ಅಂದರೆ ಒಡಲಿನ ಮೇಲ್ಭಾಗ, ಒತ್ತಿ ನೋಡುವವರು ಕಡಿಮೆ. ಎರಡು ಒಡಲನ್ನು ಜೋಡಿಸುವ ಮುಂದಿನ ಅಡ್ಡ ಪೈಪಿನ ಮುಂಭಾಗದಲ್ಲಿ ಹೆಬ್ಬೆರಳಿಟ್ಟು ಜೋರಾಗಿ ಒತ್ತಿ. ಒಳಕ್ಕೆ ತಗ್ಗಿ ಮತ್ತೆ ಮೇಲೆ ಬಂದರೆ ಅಲ್ಲಿ ಪದರ ಬಿಟ್ಟಿದೆ ಎಂದೇ ಅರ್ಥ. ಇದನ್ನು ಸರಿಮಾಡಬಹುದು. ಆದರೆ ಹೆಚ್ಚಿನವರು ಒಂದೇ ದಿನದಲ್ಲಿ ಮುಗಿಸಲು ಹೋಗಿ ಕೆಡಿಸುತ್ತಾರೆ.

ಕ್ಯಾಲಿಫೋರ್ನಿಯಾದಲ್ಲಿ ಸರ್ಫ್‌ಬೋರ್ಡ್ ಮಾಡುತ್ತಿದ್ದ ಹೋಬಿ ಆಲ್ಟರ್ ರೂಪಿಸಿದ ದೋಣಿ ಇದು. ಉದ್ದ ಸುಮಾರು 5 ಮೀಟರ್, ತೂಕ ಸುಮಾರು 145 ಕೆಜಿ. ಇಷ್ಟು ಹಗುರ ಹೇಗೆ? ಹಲ್‌ನ (ನೀರಲ್ಲಿ ತೇಲುವ ಟೊಳ್ಳು ಒಡಲಿನ) ಗೋಡೆಯಲ್ಲಿ ಹೊರಗೊಂದು ತೆಳು ಫೈಬರ್ ಪದರ, ಒಳಗೊಂದು ತೆಳು ಪದರ, ನಡುವೆ ಫೋಮ್ ಇದೆ. ಮೂರೂ ಒಂದಕ್ಕೊಂದು ಅಂಟಿಕೊಂಡಿದ್ದರೆ ಮಾತ್ರ ಗಟ್ಟಿ. ಬಿಸಿಲು, ಒಳಗೆ ಸೇರಿದ ನೀರು, ಡೆಕ್ ಮೇಲೆ ಮಂಡಿಯೂರುವುದು, ಅಲೆಯ ಹೊಡೆತ ಎಲ್ಲ ಸೇರಿ ಅಂಟು ಬಿಡುತ್ತದೆ. ಆಮೇಲೆ ಉಳಿಯುವುದು ಬಳುಕುವ ತೆಳು ಹಾಳೆ ಅಷ್ಟೇ. ಹಾಗೇ ಓಡಿಸಿದರೆ ಜೋರು ಗಾಳಿಯಲ್ಲಿ ಹಲ್ ಅಲ್ಲೇ ಮುರಿಯಬಹುದು.

ಕರಾವಳಿಯವರಿಗೆ ಇಲ್ಲೊಂದು ಮಾತು. ಮಲ್ಪೆ, ಗಂಗೊಳ್ಳಿ ಕಡೆಯ ಮೀನುಗಾರಿಕೆಯ ಫೈಬರ್ ದೋಣಿಗಳು ಸಾಮಾನ್ಯವಾಗಿ ಫೋಮ್ ಇಲ್ಲದ, ದಪ್ಪ ಪದರದವು. ಅವಕ್ಕೆ ಫೈಬರ್ ಮ್ಯಾಟ್ ಹಾಕಿ ಪಾಲಿಯೆಸ್ಟರ್ ರೆಸಿನ್ ಬಳಿಯುವ ಕೆಲಸ ಸರಿಯಾಗಿಯೇ ಇದೆ. ಅದೇ ವಿಧಾನ ಇಲ್ಲಿ ನಡೆಯುವುದಿಲ್ಲ. ಹಳೆಯ ಪದರಕ್ಕೆ ಪಾಲಿಯೆಸ್ಟರ್ ಅಷ್ಟು ಬಲವಾಗಿ ಅಂಟುವುದಿಲ್ಲ, ಗಟ್ಟಿಯಾಗುವಾಗ ಕುಗ್ಗುತ್ತದೆ ಕೂಡ. ಈ ಕೆಲಸಕ್ಕೆ ಎಪಾಕ್ಸಿಯೇ ಬೇಕು, ಅಂದರೆ ರೆಸಿನ್ ಮತ್ತು ಹಾರ್ಡನರ್ ಎಂಬ ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು.

ತಟ್ಟಿ ಗುರುತು ಹಾಕಿ

ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ ಸ್ಕ್ರೂಡ್ರೈವರ್ ಹಿಡಿಯಿಂದ ಹಲ್ ಪೂರ್ತಿ ತಟ್ಟುತ್ತಾ ಹೋಗಿ. ಗಟ್ಟಿ ಇರುವಲ್ಲಿ ಸದ್ದು ಚುರುಕು. ಬಿಟ್ಟಿರುವಲ್ಲಿ ಮಂದ, ಟೊಳ್ಳು. ಸದ್ದು ಬದಲಾಗುವ ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ಡೆಕ್ ಅಷ್ಟೇ ಅಲ್ಲ, ಬದಿಗಳನ್ನೂ ತಟ್ಟಿ. ಹಲ್‌ನ ಬದಿ, ತಳ ಎಲ್ಲ ಉದ್ದಕ್ಕೂ ಟೊಳ್ಳಾಗಿದ್ದರೆ ಅಥವಾ ಕಂಬದ ತಂತಿ ಹಿಡಿಯುವ ಜಾಗದ ಸುತ್ತ ಬಿಟ್ಟಿದ್ದರೆ ಈ ರಿಪೇರಿಗೆ ದುಡ್ಡು ಹಾಕಬೇಡಿ. ಬೇರೆ ಹಲ್ ಹುಡುಕಿ.

ತೂತು ಕೊರೆಯಿರಿ

3 ಮಿಲಿಮೀಟರ್ ಬಿಟ್ ಸಾಕು. ಗೆರೆಯ ಒಳಗೆಲ್ಲ ಸುಮಾರು 25 ಮಿಲಿಮೀಟರ್‌ಗೆ ಒಂದರಂತೆ ತೂತು. ಮುಖ್ಯವಾದದ್ದು ಆಳ. ಹೊರ ಪದರ ದಾಟಬೇಕು, ಒಳ ಪದರ ಮುಟ್ಟಬಾರದು. ಒಳ ಪದರ ತೂತಾದರೆ ನೀವು ಹಾಕುವ ಎಪಾಕ್ಸಿ ಎಲ್ಲ ಹಲ್‌ನ ಹೊಟ್ಟೆಗೆ ಇಳಿದು ಅಲ್ಲೇ ಕಲ್ಲಾಗುತ್ತದೆ. ಆಮೇಲೆ ಅದನ್ನು ತೆಗೆಯಲು ಆಗುವುದಿಲ್ಲ.

ಅದಕ್ಕೇ ಮೊದಲ ತೂತನ್ನು ಮೋಟಾರ್ ಇಲ್ಲದೆ, ಬಿಟ್ ಅನ್ನು ಕೈಯಲ್ಲೇ ತಿರುಗಿಸಿ ಕೊರೆಯಿರಿ. ಫೈಬರ್ ದಾಟಿದ ಕೂಡಲೇ ಕೈಗೆ ಸಡಿಲ ಗೊತ್ತಾಗುತ್ತದೆ, ಹೊರಬರುವ ಪುಡಿಯೂ ಬದಲಾಗುತ್ತದೆ. ಅಷ್ಟು ಆಳಕ್ಕೆ ಬಿಟ್ ಮೇಲೆ ಟೇಪ್ ಸುತ್ತಿ, ಆಮೇಲೆ ಡ್ರಿಲ್ ಹಿಡಿಯಿರಿ. ಕೆಲವು ಹಲ್‌ಗಳಲ್ಲಿ ಫೋಮ್ ಹೊರ ಪದರಕ್ಕೆ ಅಂಟಿಯೇ ಇರುತ್ತದೆ, ಬಿಟ್ಟಿರುವುದು ಒಳ ಪದರದಿಂದ. ಆಗ ಫೋಮ್ ದಾಟಿ ಆ ಸಂದಿಯವರೆಗೆ ಹೋಗಬೇಕು. ತೂತಿಗೆ ಸಣ್ಣ ತಂತಿ ಇಳಿಸಿ ಸಂದಿ ಎಲ್ಲಿದೆ ಎಂದು ತಿಳಿದುಕೊಂಡೇ ಮುಂದುವರಿಯಿರಿ. ಮಾಸ್ಕ್ ಮತ್ತು ಕನ್ನಡಕ ಇಲ್ಲದೆ ಫೈಬರ್ ಕೊರೆಯಲೇಬೇಡಿ. ಪುಡಿಯನ್ನು ವ್ಯಾಕ್ಯೂಮ್‌ನಿಂದ ಎಳೆಯಿರಿ. ಕಂಪ್ರೆಸರ್ ಗಾಳಿ ಬಿಟ್ಟರೆ ಗಟ್ಟಿ ಇದ್ದ ಜಾಗವೂ ಎದ್ದು ಬರುತ್ತದೆ.

ಒಣಗಿಸಿ, ಇನ್ನೂ ಒಣಗಿಸಿ

ಕೆಲಸ ಕೆಡುವುದು ಇಲ್ಲೇ. ಒದ್ದೆ ಫೋಮ್‌ಗೆ ಎಪಾಕ್ಸಿ ಹಿಡಿಯುವುದಿಲ್ಲ. ಕೊರೆದ ದಿನವೇ ಸಿರಿಂಜ್ ಹಿಡಿಯುವವರ ದೋಣಿ ಒಂದು ಸೀಸನ್ ಚೆನ್ನಾಗಿ ಕಾಣುತ್ತದೆ, ಆಮೇಲೆ ಅದೇ ಜಾಗ ಮತ್ತೆ ಮೆತ್ತಗಾಗುತ್ತದೆ. ಎರಡನೇ ಸಲ ಸರಿಮಾಡುವುದು ಕಷ್ಟ. ಸಂದಿಯಲ್ಲಿ ಅಂಟದ ಹಳೆಯ ಎಪಾಕ್ಸಿ ಕೂತಿರುತ್ತದಲ್ವಾ?

ಹಿಂಭಾಗದ ಡ್ರೈನ್ ಪ್ಲಗ್ ಬಿಚ್ಚಿ. ಉಪ್ಪು ನೀರು ಸೇರಿದ್ದರೆ ಸಿಹಿ ನೀರಿನಲ್ಲಿ ತೊಳೆಯಿರಿ. ಉಪ್ಪು ಉಳಿದರೆ ಗಾಳಿಯ ತೇವವನ್ನು ಎಳೆಯುತ್ತಲೇ ಇರುತ್ತದೆ. ಆಮೇಲೆ ತೂತುಗಳು ತೆರೆದಿರುವಂತೆ ಸೂರು ಇರುವ, ಗಾಳಿಯಾಡುವ ಜಾಗದಲ್ಲಿಡಿ. ಬಲ್ಬ್ ಅಥವಾ ಫ್ಯಾನ್ ಹೀಟರ್‌ನಿಂದ ಹದವಾಗಿ ಕಾಯಿಸಬಹುದು. ಕೈ ಇಟ್ಟರೆ ಬೆಚ್ಚಗೆ ಅನಿಸಬೇಕು, ಸುಡಬಾರದು. ಪೇಂಟ್ ಸುಲಿಯುವ ಹೀಟ್ ಗನ್ ಬೇಡವೇ ಬೇಡ, ಫೋಮ್ ಹಾಳಾಗುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಸಮಯ.

ಒಣಗಿತೋ ಇಲ್ಲವೋ ಎಂದು ಅಂದಾಜು ಮಾಡಬೇಡಿ. ತೂತುಗಳ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ. ಒಂದು ಹಗಲು, ಒಂದು ರಾತ್ರಿ ಬಿಡಿ. ಒಳಗಡೆ ಹನಿ ಕಟ್ಟಿದರೆ ಮತ್ತೆ ಒಣಗಿಸಿ. ವಾರಗಟ್ಟಲೆ ಹಿಡಿದರೂ ಸರಿಯೇ.

ಎಪಾಕ್ಸಿ ತುಂಬಿಸುವುದು

ತೆಳ್ಳಗೆ ಹರಿಯುವ, ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ ತೆಗೆದುಕೊಳ್ಳಿ. ವೆಸ್ಟ್ ಸಿಸ್ಟಮ್ ಬ್ರ್ಯಾಂಡ್‌ನ 105 ರೆಸಿನ್ ಬಳಸುವುದಾದರೆ ಬೇಗ ಗಟ್ಟಿಯಾಗಿಸುವ 205 ಹಾರ್ಡನರ್ ಬೇಡ, ನಿಧಾನದ 206 ಇರಲಿ. ಎರಡಕ್ಕೂ ಅಳತೆ ಐದು ಭಾಗ ರೆಸಿನ್‌ಗೆ ಒಂದು ಭಾಗ ಹಾರ್ಡನರ್. ಆದರೆ 205 ನಮ್ಮ ಸೆಖೆಯಲ್ಲಿ ಸಿರಿಂಜ್‌ನಲ್ಲೇ ಬಿಗಿಯುತ್ತದೆ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಜಾಸ್ತಿ ಹಾಕುವುದು, ತೆಳ್ಳಗಾಗಲಿ ಎಂದು ಥಿನ್ನರ್ ಬೆರೆಸುವುದು ಎರಡೂ ತಪ್ಪು. ಎಪಾಕ್ಸಿ ಕೊನೆಗೂ ಮೆತ್ತಗೇ ಉಳಿಯುತ್ತದೆ. ಒಂದು ಸಲಕ್ಕೆ 100 ಮಿಲಿಲೀಟರ್‌ಗಿಂತ ಹೆಚ್ಚು ಕಲಸಬೇಡಿ. ದೊಡ್ಡ ಲೋಟದಲ್ಲಿ ಕಲಸಿಟ್ಟರೆ ಅದು ತಾನೇ ಕಾದು ಹೊಗೆಯಾಡುತ್ತದೆ. ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ.

ಸಂಜೆ ಶುರು ಮಾಡಿ. ಬಿಸಿಯೇರುವ ಹೊತ್ತಿನಲ್ಲಿ ಫೋಮ್ ಒಳಗಿನ ಗಾಳಿ ಹಿಗ್ಗಿ ಎಪಾಕ್ಸಿಯಲ್ಲಿ ಗುಳ್ಳೆ ಎಬ್ಬಿಸುತ್ತದೆ. ಆರುವ ಹೊತ್ತಿನಲ್ಲಿ ಅದೇ ಗಾಳಿ ಕುಗ್ಗಿ ಎಪಾಕ್ಸಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಕೆಟ್ಟ ಭಾಗ ಮೇಲೆ ಬರುವಂತೆ ಹಲ್ ಮಲಗಿಸಿ, ಒಂದು ಕಡೆಗೆ ಸ್ವಲ್ಪ ವಾಲಿಸಿ. ತೀರಾ ಕೆಳಗಿನ ತೂತಿನಿಂದ ಆರಂಭ. ಸೂಜಿ ಇಲ್ಲದ ಸಿರಿಂಜ್‌ನ ಮೂತಿ ತೂತಿಗೆ ಒತ್ತಿ ಹಿಡಿದು ನಿಧಾನಕ್ಕೆ ತಳ್ಳಿ. ಪಕ್ಕದ ತೂತಿನಲ್ಲಿ ಗುಳ್ಳೆ ಇಲ್ಲದ ಎಪಾಕ್ಸಿ ಕಂಡರೆ ಮೊದಲ ತೂತಿಗೆ ಟೇಪ್ ಹಾಕಿ ಮುಂದಿನದಕ್ಕೆ ಹೋಗಿ. ಹೀಗೇ ಮೇಲಕ್ಕೆ. ಮೇಲಿಂದ ತುಂಬಿಸಿದರೆ ಗಾಳಿ ಕೆಳಗೆ ಸಿಕ್ಕಿಬೀಳುತ್ತದೆ. ಎಷ್ಟು ತಳ್ಳಿದರೂ ಎಲ್ಲೂ ಹೊರಗೆ ಬರದಿದ್ದರೆ ಕೂಡಲೇ ನಿಲ್ಲಿಸಿ, ಒಳ ಪದರದಲ್ಲಿ ತೂತಿದೆ. ಡೆಕ್ ಉಬ್ಬಿ ಬಂದರೂ ನಿಲ್ಲಿಸಿ, ಒತ್ತಡ ಹೆಚ್ಚಾಗಿದೆ.

ತುಂಬಿದ ಮೇಲೆ ಪಾಲಿಥಿನ್ ಹಾಳೆ ಹಾಸಿ, ಅದರ ಮೇಲೆ ಮರಳಿನ ಚೀಲ ಇಡಿ. ಹಲಗೆ, ಇಟ್ಟಿಗೆ ಬೇಡ. ಮರಳು ಮಾತ್ರ ಡೆಕ್‌ನ ಬಾಗಿಗೆ ಸರಿಯಾಗಿ ಕೂರುತ್ತದೆ. ಪದರ ತನ್ನ ಮೂಲ ಆಕಾರಕ್ಕೆ ಬರುವಷ್ಟು ಭಾರ ಸಾಕು. ಜಾಸ್ತಿಯಾದರೆ ಎಪಾಕ್ಸಿ ಪೂರ್ತಿ ಹಿಂಡಿ ಹೊರಬರುತ್ತದೆ.

ಗೋಡೆ ಸಂದಿಗೆ ತುಂಬುವ ಸ್ಪ್ರೇ ಫೋಮ್ ಡಬ್ಬಿಯನ್ನು ಇದಕ್ಕೆ ಬಳಸುವವರಿದ್ದಾರೆ. ಅದು ಹಿಗ್ಗುವಾಗ ಉಳಿದ ಅಂಟನ್ನೂ ಬಿಡಿಸುತ್ತದೆ, ಬಲ ಕೊಡುವುದಿಲ್ಲ. ಸಿಲಿಕೋನ್ ಇನ್ನೂ ಕೆಟ್ಟದ್ದು. ಒಮ್ಮೆ ತಗುಲಿದ ಜಾಗಕ್ಕೆ ಆಮೇಲೆ ಪೇಂಟೂ ಹಿಡಿಯುವುದಿಲ್ಲ, ಎಪಾಕ್ಸಿಯೂ ಹಿಡಿಯುವುದಿಲ್ಲ.

ಮುಗಿಸುವ ಕೆಲಸ

ಮರುದಿನ ಭಾರ ತೆಗೆದು ಮತ್ತೆ ತಟ್ಟಿ. ಅಲ್ಲಲ್ಲಿ ಟೊಳ್ಳು ಉಳಿದಿದ್ದರೆ ಅಷ್ಟಕ್ಕೇ ಹೊಸ ತೂತು ಕೊರೆದು ತುಂಬಿಸಿ. ಮೇಲೆ ಕೂತ ಜಿಡ್ಡನ್ನು ನೀರು, ಸ್ಕ್ರಬ್ಬರ್ ಹಾಕಿ ತೊಳೆದ ಮೇಲೇ ಉಜ್ಜುಕಾಗದ ಹಿಡಿಯಿರಿ. ತೂತುಗಳನ್ನು ಸಿಲಿಕಾ ಪುಡಿ ಬೆರೆಸಿದ ಎಪಾಕ್ಸಿಯಿಂದ ಮುಚ್ಚಿ, ಉಜ್ಜಿ, ಎರಡು ಡಬ್ಬಿಯಲ್ಲಿ ಬರುವ, ಬೆರೆಸಿ ಬಳಸುವ ಪಾಲಿಯುರೆಥೇನ್ ಪೇಂಟ್ ಹೊಡೆಯಿರಿ. ಪೇಂಟ್ ಬಿಡುವ ಹಾಗಿಲ್ಲ, ಬಿಸಿಲಿಗೆ ಎಪಾಕ್ಸಿ ಹಾಳಾಗುತ್ತದೆ. ನೀರಿಗಿಳಿಸುವ ಮೊದಲು ಒಂದು ವಾರ ಕಾಯಿರಿ.

ಆ ವಾರದಲ್ಲಿ ನೀರು ಎಲ್ಲಿಂದ ಬಂತು ಎಂದು ಹುಡುಕಿ. ಡೆಕ್ ಮತ್ತು ಹಲ್ ಸೇರುವ ಅಂಚು, ಅಡ್ಡ ಪೈಪು ಕೂರುವ ಕಾಲುಗಳ ಬುಡ, ಚುಕ್ಕಾಣಿಯ ಸ್ಕ್ರೂಗಳು, ಡ್ರೈನ್ ಪ್ಲಗ್‌ನ ವಾಷರ್ ಇವನ್ನು ನೋಡಿ. ಹಲ್ ಒಳಗೆ ಮೆಲ್ಲಗೆ ಗಾಳಿ ಊದಿ, ಹೊರಗೆ ಸೋಪಿನ ನೀರು ಹಚ್ಚಿದರೆ ಸೋರುವ ಜಾಗದಲ್ಲಿ ಗುಳ್ಳೆ ಬರುತ್ತದೆ. ಊದಲು ಬಾಯಿ ಸಾಕು, ಪಂಪ್ ಬೇಡ. ಆ ಜಾಗ ಮುಚ್ಚಿ. ದಡದಲ್ಲಿಟ್ಟಾಗ ನೆರಳು ಇರಲಿ, ಪ್ಲಗ್ ಯಾವಾಗಲೂ ಬಿಚ್ಚಿರಲಿ. ಪ್ಲಗ್ ಹಾಕಿ ಬಿಸಿಲಿಗೆ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಪದರವನ್ನು ತಳ್ಳುತ್ತದೆ.