ಎಲೆ-ಅಡಿಕೆ ಪೆಟ್ಟಿಗೆಗೆ ರೌಟರ್‌ನಲ್ಲಿ ಹಲ್ಲು ತೆಗೆದಿದ್ದು

ಅಮ್ಮನಿಗೆ ಎಲೆ-ಅಡಿಕೆ ಇಡಲು ಪುಟ್ಟ ಪೆಟ್ಟಿಗೆ ಬೇಕಿತ್ತು. ಹಳೇ ಮನೆಯ ತೇಗದ ಕಿಟಕಿ ಬಾಗಿಲು ಅಟ್ಟದ ಮೇಲೆ ಬಿದ್ದಿತ್ತು. ಮೊಳೆ ಎಲ್ಲ ಕಿತ್ತು, ಸೀಳಿ, 8 ಮಿ.ಮೀ. ದಪ್ಪ ಬರುವ ತನಕ ಹತ್ತರಿ ಹೊಡೆದೆ. ಪೆಟ್ಟಿಗೆ 180 ಮಿ.ಮೀ. ಉದ್ದ, 100 ಅಗಲ, 66 ಎತ್ತರ. ಮೂಲೆಗೆ ಮೊಳೆ ಬೇಡ, ಎರಡೂ ಕೈಬೆರಳು ಹೆಣೆದ ಹಾಗೆ ಹಲ್ಲಿಗೆ ಹಲ್ಲು ಕೂರಬೇಕು.

ಮೊದಲ ಸಲ ತಪ್ಪು ಮಾಡಿದೆ. 66 ಅಗಲಕ್ಕೆ ಕೊಯ್ದ ತುಂಡನ್ನು ಕೈಯಲ್ಲೇ ಹಿಡಿದು ರೌಟರಿನ (ಮರದಲ್ಲಿ ಕಚ್ಚು ತೆಗೆಯುವ ಯಂತ್ರ) ಬಿಟ್ಟಿಗೆ, ಅಂದರೆ ತಿರುಗುವ ಅಲಗಿಗೆ ಕೊಟ್ಟೆ. ತಿರುಗುವ ಬಿಟ್ ಮರವನ್ನು ಪಕ್ಕಕ್ಕೆ ಎಳೆಯುತ್ತದೆ. ತುಂಡು ಚಿಕ್ಕದು, ಹಿಡಿತ ಸಾಲಲಿಲ್ಲ, ಕೈಯಿಂದ ಕಿತ್ತುಕೊಂಡು ಹಾರಿತು. ಎರಡು ಹಲ್ಲು ಮುರಿದವು. ಬೆರಳು ಉಳಿದಿದ್ದು ಪುಣ್ಯ.

ಆಮೇಲೆ ದಾರಿ ಬದಲಿಸಿದೆ. ಬಿಟ್ 6 ಮಿ.ಮೀ. ಒಂದು ಹಲ್ಲು ಅಥವಾ ಒಂದು ಕಚ್ಚಿನ ಜಾಗ ಒಂದು ಮನೆ, ಅಂದರೆ 66ಕ್ಕೆ 11 ಮನೆ. ಎರಡು ಗೋಡೆಗೆ 22, ನಡುವೆ ಕೊಯ್ಯಲು ಒಂದು ಮನೆ ಜಾಸ್ತಿ. ಒಟ್ಟು 23 ಮನೆ, 138 ಮಿ.ಮೀ. ಅಗಲದ ಒಂದೇ ಹಲಗೆ. ಹಲ್ಲು ಪೂರ್ತಿ ತೆಗೆದ ಮೇಲೆ ಆ ನಡುವಿನ ಮನೆಯಲ್ಲೇ ಗರಗಸ ಹಾಕಿ ಎರಡಾಗಿ ಸೀಳಿದರೆ ಆಯಿತು. ಅಗಲದ ಹಲಗೆಯಾದರೆ ಕೈ ದೂರ ಇರುತ್ತದೆ, ಕ್ಲಾಂಪ್ ಕೂರಲೂ ಜಾಗ ಸಿಗುತ್ತದೆ.

ರೌಟರನ್ನು ಪ್ಲೈವುಡ್ ಮೇಜಿನ ಅಡಿಗೆ ತಲೆಕೆಳಗಾಗಿ ಕಟ್ಟಿದ್ದೇನೆ. ಮೇಲೆ ಜಾರುವ ಒಂದು ಹಲಗೆ, ಅದಕ್ಕೆ ನೇರ ಬೆನ್ನು. ಬೆನ್ನಿನ ಬುಡದಲ್ಲಿ 6 ಮಿ.ಮೀ. ಅಗಲದ ಒಂದು ಗೂಟ. ತೆಗೆದ ಕಚ್ಚನ್ನು ಈ ಗೂಟಕ್ಕೆ ಕೂರಿಸಿ ಮುಂದಿನ ಕಚ್ಚು ತೆಗೆಯುವುದು. ಬಿಟ್ಟಿಗೂ ಗೂಟಕ್ಕೂ ನಡುವಿನ ಜಾಗ ಎಷ್ಟೋ ಹಲ್ಲು ಅಷ್ಟು ದಪ್ಪ. ಎಲ್ಲ ಆಟ ಇರುವುದು ಇಲ್ಲೇ. ಬೇಡದ ಮರದ ಮೇಲೆ ನೋಡಿದೆ: ಹಲ್ಲು ಬಿಗಿಯಾಯಿತು, ಗೂಟವನ್ನು ಬಿಟ್ಟಿನ ಕಡೆ ಕೂದಲೆಳೆಯಷ್ಟು ಸರಿಸಿದೆ. ಈಗ ಸಡಿಲ. ಮತ್ತೆ ಆಚೆ. ಐದನೇ ತುಂಡಿಗೆ, ಹೆಬ್ಬೆರಳಲ್ಲಿ ಒತ್ತಿದರೆ ಕೂರುವ, ತಲೆಕೆಳಗೆ ಹಿಡಿದರೂ ಬೀಳದ ಹದ ಸಿಕ್ಕಿತು.

ಪ್ರತಿ ಹಲಗೆಯ ಹಿಂದೆ ಒಂದು ರದ್ದಿ ತುಂಡು ಇಡಲೇಬೇಕು. ಇಲ್ಲದಿದ್ದರೆ ಬಿಟ್ ಆಚೆ ಬರುವಾಗ ತೇಗದ ನಾರು ಸಿಬಿರೆದ್ದು ಅಂಚು ಹಾಳಾಗುತ್ತದೆ. ಬಿಟ್ ತಿರುಗುತ್ತಿರುವಾಗ ಹಲಗೆಯನ್ನು ಸುಮ್ನೆ ಹಿಂದಕ್ಕೆ ಎಳೆಯಲೂಬಾರದು, ಕಚ್ಚು ಅಗಲವಾಗುತ್ತದೆ. ನಾನು ಪ್ರತಿ ಸಲ ನಿಲ್ಲಿಸಿಯೇ ತಂದೆ. ಹೊತ್ತು ಹಿಡಿಯಿತು.

ತಳದ ಹಲಗೆಯ ಅಂಚು ಕೂರಲು ಗೋಡೆಯ ಒಳಗೆ 3 ಮಿ.ಮೀ. ಅಗಲದ ಉದ್ದ ಕಚ್ಚು ಬೇಕಲ್ವಾ? ಅದನ್ನು ಅಡಿಯಿಂದ ಏಳೂವರೆ ಮಿ.ಮೀ. ಮೇಲೆ ತೆಗೆದೆ. ಎರಡನೇ ಮನೆಯ ಒಳಗೇ ಬಿತ್ತು. ಆದರೂ ನಾಲ್ಕು ಮೂಲೆಯಲ್ಲಿ ನಾಲ್ಕು ಚಿಕ್ಕ ತೂತು ಹೊರಗೆ ಕಾಣುತ್ತವೆ. ಅದೇ ತೇಗದ ಚೂರನ್ನು ಉಳಿಯಲ್ಲಿ ಕೆತ್ತಿ, ಫೆವಿಕಾಲ್ ಹಚ್ಚಿ ತುಂಬಿದೆ. ಒಣಗಿದ ಮೇಲೆ ಹತ್ತರಿ ಆಡಿಸಿದರೆ ಹುಡುಕಬೇಕು, ಹಾಗಾಯಿತು.

ಹೊರಗೆ ಎಣ್ಣೆ ಹಚ್ಚಿದೆ. ಒಳಗೆ ಏನೂ ಬಳಿಯಲಿಲ್ಲ, ಎಲೆಗೆ ವಾಸನೆ ಹತ್ತುತ್ತದೆ.