ಪಮೇರಿಯನ್ನೋ ಸ್ಪಿಟ್ಜೋ? ದುಡ್ಡು ಕೊಡೋ ಮುಂಚೆ ಮೂತಿ ಅಳೆಯಿರಿ

ಹಾಸನದಲ್ಲಿ ಬೆಳಗ್ಗೆ ವಾಕಿಂಗ್‌ಗೆ ಬರುವ ಬಿಳಿ ಜೂಲು ನಾಯಿಗಳಿಗೆಲ್ಲ ಒಂದೇ ಹೆಸರು, ಪಮೇರಿಯನ್, ಅಂದರೆ ಪೊಮೆರೇನಿಯನ್. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲೂ ಅಷ್ಟೇ. ನಾನು ಹತ್ತಿರದಿಂದ ನೋಡಿದವುಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್. ಸ್ಪಿಟ್ಜ್ ಅಂದರೆ ನನಗೆ ತುಂಬಾ ಇಷ್ಟ. ಆದರೆ ಸ್ಪಿಟ್ಜ್ ಮರಿಗೆ ಪೊಮೆರೇನಿಯನ್ ರೇಟು ಕೊಟ್ಟು ಬರುವವರನ್ನು ಕಂಡರೆ ಸಂಕಟ ಆಗುತ್ತದೆ. ಹೋದ ವರ್ಷ ನಮ್ಮ ಬೀದಿಯವರೊಬ್ಬರು 25 ಸಾವಿರ ಕೊಟ್ಟು ‘ಟಾಯ್ ಪಮೇರಿಯನ್’ ತಂದರು. ಎಂಟು ತಿಂಗಳಿಗೆ ಅದು 7 ಕೆಜಿ ತೂಗಿತು.

ಎರಡೂ ಜರ್ಮನ್ ಸ್ಪಿಟ್ಜ್ ವಂಶದವೇ, ಅದಕ್ಕೇ ಇಷ್ಟು ಗೊಂದಲ. ಪೊಮೆರೇನಿಯನ್ ಹೆಸರು ಬಂದದ್ದು ಬಾಲ್ಟಿಕ್ ಸಮುದ್ರದ ಪಕ್ಕದ ಪೊಮೆರೇನಿಯಾದಿಂದ. ವಿಕ್ಟೋರಿಯಾ ರಾಣಿ 1888ರಲ್ಲಿ ಇಟಲಿಯ ಫ್ಲಾರೆನ್ಸ್‌ನಿಂದ ಒಂದನ್ನು ತಂದಳು. ಆಮೇಲೆ ಇಂಗ್ಲೆಂಡಿನಲ್ಲಿ ಇದನ್ನು ಸಣ್ಣದು ಮಾಡುತ್ತಾ ಹೋದರು. ಸ್ಪಿಟ್ಜ್ ಬ್ರಿಟಿಷರ ಕಾಲದಲ್ಲಿ ಇಲ್ಲಿ ಬೆಳೆದು ನಮ್ಮ ಸೆಕೆಗೆ ಒಗ್ಗಿಕೊಂಡಿತು.

ಮೊದಲು ತೂಕ. ಬೆಳೆದ ಪೊಮೆರೇನಿಯನ್ ಸುಮಾರು 3.5 ಕೆಜಿಯೊಳಗೆ ಇರಬೇಕು. ಸ್ಪಿಟ್ಜ್‌ನಲ್ಲಿ ಸಣ್ಣದೇ 5ರಿಂದ 7 ಕೆಜಿ, ದೊಡ್ಡದು 12 ದಾಟುತ್ತದೆ. ಆದರೆ ಮೊಸರನ್ನ, ಬಿಸ್ಕತ್ತು ತಿಂದು ಊದಿದ ಪೊಮೆರೇನಿಯನ್ ಕೂಡ 5 ಕೆಜಿ ತೂಗಬಹುದು. ಹಾಗಾಗಿ ಬರೀ ತೂಕ ನಂಬಬೇಡಿ.

ಎಲ್ಲರೂ ತಪ್ಪುವುದು ಮುಖದಲ್ಲಿ. ಕೂದಲು ನೋಡಿ ‘ಅಯ್ಯೋ ಎಷ್ಟು ದುಂಡು ಮುಖ’ ಅಂತ ಬಿಡುತ್ತಾರೆ. ಕೆನ್ನೆಯ ಕೂದಲನ್ನು ಒದ್ದೆ ಬಟ್ಟೆಯಿಂದ ಒತ್ತಿ ಹಿಂದಕ್ಕೆ ಸರಿಸಿ. ಪಕ್ಕದಿಂದ ನೋಡಿ. ಎರಡು ಕಣ್ಣಿನ ನಡುವೆ ಹಣೆ ತಗ್ಗುವ ಜಾಗ ಒಂದಿದೆ, ಅಲ್ಲಿ ನಿಮ್ಮ ಬೆರಳಿಡಿ. ಅಲ್ಲಿಂದ ಮೂಗಿನ ತುದಿವರೆಗೆ ಎಷ್ಟು ಬೆರಳು ಅಂತ ಎಣಿಸಿ. ಆಮೇಲೆ ಅದೇ ತಗ್ಗಿನಿಂದ ತಲೆ ಹಿಂದೆ ಎಲುಬು ಉಬ್ಬಿರುವ ಜಾಗದವರೆಗೆ ಎಣಿಸಿ. ಪೊಮೆರೇನಿಯನ್‌ಗೆ ಮೂತಿಯ ಉದ್ದ ತಲೆಯ ಉದ್ದದ ಅರ್ಧ ಇರುತ್ತದೆ, ಅಂದರೆ ತಲೆ ನಾಲ್ಕು ಬೆರಳಾದರೆ ಮೂತಿ ಎರಡೇ ಬೆರಳು. ಸ್ಪಿಟ್ಜ್ ಮೂತಿ ಅದಕ್ಕಿಂತ ಉದ್ದ, ಚೂಪು, ನರಿ ಮೂತಿ ಥರ. ನಾಯಿ ಅಲ್ಲಾಡುತ್ತೆ, ನೆಕ್ಕುತ್ತೆ. ಒಬ್ಬರು ಹಿಡಿದುಕೊಂಡಿರಲಿ, ಎರಡು ಮೂರು ಸಲ ಅಳೆಯಿರಿ.

ಕಿವಿ ಸುಲಭ. ಪೊಮೆರೇನಿಯನ್‌ದು ಪುಟ್ಟದು, ಕೂದಲಲ್ಲಿ ಅರ್ಧ ಮುಚ್ಚಿರುತ್ತದೆ. ಸ್ಪಿಟ್ಜ್ ಕಿವಿ ದೊಡ್ಡದು, ಎದ್ದು ಕಾಣುತ್ತದೆ. ಬಾಲ ಎರಡಕ್ಕೂ ಬೆನ್ನ ಮೇಲೇ, ಅದನ್ನು ನೋಡುತ್ತಾ ಕೂರಬೇಡಿ. ಬಣ್ಣವೂ ಬೇಡ. ಸ್ಪಿಟ್ಜ್ ಹೆಚ್ಚಾಗಿ ಬಿಳಿ, ಆದರೆ ಕಂದು, ಕಪ್ಪೂ ಇದೆ. ಪೊಮೆರೇನಿಯನ್‌ನಲ್ಲಿ ಕಿತ್ತಳೆ ಬಣ್ಣ ಜಾಸ್ತಿ, ಬಿಳಿಯೂ ಸಿಗುತ್ತದೆ.

ಬೆನ್ನಿನ ಕೂದಲೊಳಗೆ ಬೆರಳು ತೂರಿಸಿ. ಪೊಮೆರೇನಿಯನ್‌ಗೆ ಒಳಗೆ ಹತ್ತಿಯಂಥ ದಟ್ಟ ತುಪ್ಪಳ ಇದೆ, ಚರ್ಮ ಸುಲಭವಾಗಿ ಸಿಗುವುದಿಲ್ಲ. ಸ್ಪಿಟ್ಜ್‌ಗೆ ಆ ತುಪ್ಪಳ ತೆಳು. ಎರಡಕ್ಕೂ ಬೇಸಿಗೆಯಲ್ಲಿ ಬೋಳಿಸುವುದು ಬೇಡವೇ ಬೇಡ. ಬೋಳಿಸಿದ ಜಾಗದಲ್ಲಿ ಕೂದಲು ಸರಿಯಾಗಿ ಬಾರದೆ ಹೋಗಬಹುದು, ಬಿಸಿಲೂ ನೇರ ಚರ್ಮಕ್ಕೆ ಬೀಳುತ್ತೆ.

ಈಗ ಮರಿ. ಎರಡು ತಿಂಗಳಲ್ಲಿ ಎಲ್ಲ ಮರಿಯ ಮೂತಿಯೂ ಮೊಂಡು, ಬೆರಳಿನ ಲೆಕ್ಕ ನಡೆಯಲ್ಲ. ಮಾರುವವರು ಪೌಡರ್ ಹಾಕಿ ಬಾಚಿ ಉಬ್ಬಿಸಿರುತ್ತಾರೆ. ಮೊಬೈಲ್ ಆ್ಯಪ್‌ನಲ್ಲಿ ಫೋಟೊ ಹಾಕಿ ತಳಿ ಹುಡುಕುವುದು ಸುಮ್ನೆ ಟೈಮ್ ವೇಸ್ಟ್. ತೀರಾ ಪುಟ್ಟ ಮರಿಗೆ ‘ಟೀಕಪ್’ ಅಂತ ಹೆಸರಿಟ್ಟು ಮಾರುತ್ತಾರೆ, ಹಾಗನ್ನುವ ಬೇರೆ ತಳಿಯೇ ಇಲ್ಲ. ಮರಿ ತುಂಬಾ ಪುಟ್ಟದಾಗಿದ್ದರೆ ಬಾಯಿ ತೆರೆದು ನೋಡಿ. ಎಂಟು ವಾರಕ್ಕೆ ಸಾಮಾನ್ಯವಾಗಿ ಹಾಲುಹಲ್ಲು 28 ಬಂದಿರುತ್ತವೆ, ಪುಟ್ಟ ತಳಿಗಳಲ್ಲಿ ಸ್ವಲ್ಪ ತಡವಾಗಲೂಬಹುದು. ತುಂಬಾ ಕಡಿಮೆ ಬಂದಿದ್ದರೆ ವಯಸ್ಸು ಸುಳ್ಳು ಹೇಳಿರಬಹುದು. ಎಂಟು ವಾರ ತುಂಬದ ಮರಿ ಮಾರುವುದು ನಾಯಿ ತಳಿ ಸಾಕಣೆ, ಮಾರಾಟದ 2017ರ ನಿಯಮದ ಪ್ರಕಾರ ತಪ್ಪು ಕೂಡ. ಉಲ್ಟಾ, ಎರಡು ತಿಂಗಳಿಗೇ 2 ಕೆಜಿ ದಾಟಿದ್ದರೆ ಪೊಮೆರೇನಿಯನ್ ಆಸೆ ಬಿಡಿ. ಎಲ್ಲಕ್ಕಿಂತ ಮುಖ್ಯ, ತಾಯಿಯನ್ನು ನೋಡದೆ ಮರಿ ತರಬೇಡಿ. ತಾಯಿಯ ಫೋಟೊ ಅಲ್ಲ, ತಾಯಿಯನ್ನೇ. ಎತ್ತಿ ತೂಕ ನೋಡಿ, ಅದರ ಮೂತಿ ಅಳೆಯಿರಿ. ‘ತಾಯಿ ಬೆಂಗಳೂರಲ್ಲಿದೆ’ ಅಂದರೆ ಎದ್ದು ಬನ್ನಿ.

ಇನ್ನೊಂದು ಇದೆ. ನಾಲ್ಕು ತಿಂಗಳಾದ ಮೇಲೆ ಅಸಲಿ ಪೊಮೆರೇನಿಯನ್ ಮರಿಯ ಕೂದಲು ಉದುರಿ, ಮೂತಿ ಉದ್ದ ಕಂಡು, ಥೇಟ್ ಬಡಕಲು ಸ್ಪಿಟ್ಜ್ ಥರ ಆಗುತ್ತದೆ. ‘ಮೋಸ ಹೋದ್ವಿ’ ಅಂತ ಅತ್ತವರಿದ್ದಾರೆ. ಎಂಟು ಹತ್ತು ತಿಂಗಳಿಗೆ ಹೊಸ ಕೂದಲು ತುಂಬುತ್ತದೆ. ಕೂದಲು ಬೆಳೆಸುವ ಟಾನಿಕ್ ಅಂತ ಮಾರುವುದನ್ನು ತರಬೇಡಿ. ಚರ್ಮ ಕೆಂಪಾಗಿದ್ದರೆ, ತುರಿಸಿಕೊಳ್ಳುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆಯಲ್ವಾ.

ನನ್ನನ್ನು ಕೇಳಿದರೆ ತೋಟದ ಮನೆಗೆ ಸ್ಪಿಟ್ಜ್ ತನ್ನಿ. ಪೊಮೆರೇನಿಯನ್‌ನ ಅಷ್ಟು ದಟ್ಟ ತುಪ್ಪಳದಲ್ಲಿ ರಕ್ತ ಹೀರುವ ಉಣ್ಣೆ ಹುಳ ಹುಡುಕುವುದು ಬಹಳ ಕಷ್ಟ, ಮಳೆಗಾಲದಲ್ಲಿ ಒಣಗಿಸುವುದೂ ಅಷ್ಟೇ. ಪೊಮೆರೇನಿಯನ್ನೇ ಬೇಕು ಅಂದರೆ, ತಳಿ ನಾಯಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ ಆಫ್ ಇಂಡಿಯಾದ ಸರ್ಟಿಫಿಕೇಟ್ ಕೇಳಿ. ಅದರಲ್ಲಿ ಮರಿಯ ಚರ್ಮದಡಿ ಹಾಕಿದ ಮೈಕ್ರೋಚಿಪ್‌ನ ನಂಬರ್ ಇರುತ್ತದೆ. ಸ್ಕ್ಯಾನರ್ ಇರುವ ವೈದ್ಯರ ಹತ್ತಿರ ಮರಿಯನ್ನು ಒಯ್ದು ಆ ನಂಬರ್ ಓದಿಸಿ, ಎರಡೂ ತಾಳೆಯಾದ ಮೇಲೆ ದುಡ್ಡು ಕೊಡಿ.